ಮೈನಸ್ಸು ಕೊನೆಗೆ

ಮಂಡ್ಯ ಸೀಮೆಯಲ್ಲಿ ಬೈಕು ಮೂಲೆ ಸೇರುವುದು ಮನೆಯ ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಾಗ. ಯುಗಾದಿಗೆ ಓಡಿಸಿ ನಿಲ್ಲಿಸಿದ ಗಾಡಿ ಮತ್ತೆ ಅಂಗಳಕ್ಕೆ ಬರುವುದು ಆಯುಧಪೂಜೆಗೆ. ಅಲ್ಲಿಯವರೆಗೂ ಕೊಟ್ಟಿಗೆಯ ಪಕ್ಕ, ಗೊಬ್ಬರದ ಮೂಟೆಗಳ ಜೊತೆ ಹಳೇ ಕಂಬಳಿ ಹೊದ್ದು ನಿಂತಿರುತ್ತದೆ. ತಿಳಿದವರು ನಿಲ್ಲಿಸುವಾಗಲೇ ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಟ್ಟಿರುತ್ತಾರೆ. ಅದನ್ನು ತಿರುಗಿ ಕಟ್ಟುವ ಆ ಸಣ್ಣ ಕೆಲಸದಲ್ಲಿರುವ ಸೊಗಸು ನನಗೆ ಹಬ್ಬದ ಬೇರೆ ಯಾವ ಗಳಿಗೆಯಲ್ಲೂ ಕಂಡಿಲ್ಲ.

ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ತೂಕ. ಒಳಗಿರುವುದು ಸೀಸ ಮತ್ತು ಗಂಧಕಾಮ್ಲ. 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ ಕೂಡಿಸಿದ ಜೋಡಿ ಇವತ್ತಿಗೂ ಅದೇ. ಆರು ಮನೆ (ಸೆಲ್ಲು), ಮನೆಗೆ ಎರಡು ವೋಲ್ಟಿಗಿಂತ ತುಸು ಹೆಚ್ಚು. ತುಂಬಿದ್ದರೆ ಮೀಟರು 12.6ರ ಮೇಲೆ ತೋರಿಸುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಹಳೇ ಜಾವಾಗಳಿಗೆ ಮೂರೇ ಮನೆ, ಆರೇ ವೋಲ್ಟು.

ವೈರು ಬಿಚ್ಚಿಟ್ಟರೂ ಬ್ಯಾಟರಿ ಒಳಗೊಳಗೇ ಇಳಿಯುತ್ತದೆ, ಸೆಕೆಯಲ್ಲಂತೂ ಬೇಗ. ಬರಿದಾಗಿಯೇ ಬಹುಕಾಲ ಬಿಟ್ಟರೆ ಸೀಸದ ಸಲ್ಫೇಟು ಗಟ್ಟಿ ಹರಳಾಗಿ ಒಳಗಿನ ಪ್ಲೇಟುಗಳಿಗೆ ಅಂಟಿ, ಆಮೇಲೆ ಚಾರ್ಜು ಹಿಡಿಯುವುದಿಲ್ಲ. ಅದಕ್ಕೇ ನಮ್ಮ ಬೇಸಿಗೆ ಕಂಡ ಬ್ಯಾಟರಿಯನ್ನು ಹಬ್ಬದ ಹಿಂದಿನ ರಾತ್ರಿಯೇ, ಗಾಳಿಯಾಡುವ ಕಡೆ, ಸಣ್ಣ ಚಾರ್ಜರಿಗೆ ಹಾಕಬೇಕು. ಮುಚ್ಚಳ ಇರುವಂಥದ್ದಾದರೆ ಮೊದಲು ಗೆರೆಯವರೆಗೆ ಡಿಸ್ಟಿಲ್ಡ್ ವಾಟರು. ಚಾರ್ಜರಿಗೆ ಬೇಕಾದ ಕರೆಂಟಿಗೂ ನಮ್ಮ ಸೀಮೆಗೂ ಹಳೇ ನಂಟು: 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೊರಟದ್ದು ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ. ತಂತಿಯಲ್ಲಿ ಅತ್ತಿತ್ತ ಹರಿಯುವ ಅಂಥ ಕರೆಂಟನ್ನು ಹಾಗೇ ಕೂಡಿಡಲಾಗದು. ಚಾರ್ಜರು ಅದನ್ನು ಒಂದೇ ದಿಕ್ಕಿಗೆ ತಿರುಗಿಸಿ ಬ್ಯಾಟರಿಗೆ ಉಣಿಸುತ್ತದೆ. ರಾತ್ರಿ ಎದ್ದು ಆ ಪುಟ್ಟ ದೀಪ ನೋಡುವುದೂ ಒಂದು ಸುಖ.

ಬೆಳಿಗ್ಗೆ ಮೊದಲು ಗಾಡಿ ತೊಳೆದು ಒರೆಸಬೇಕು, ಬ್ಯಾಟರಿ ಆಮೇಲೆ. ಟರ್ಮಿನಲ್ ಮೇಲೆ ಬಿಳಿ, ತಿಳಿಹಸಿರು ಹುಡಿ ಕೂತಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಕದಡಿ ಹಳೇ ಬ್ರಶ್ಶಿನಲ್ಲಿ ಉಜ್ಜಿ. ನೊರೆ ಬುರಬುರನೆ ಏಳುತ್ತದೆ. ಆಮ್ಲವನ್ನು ಸೋಡಾ ನುಂಗುವ ಸದ್ದು ಅದು. ಒರೆಸಿದಾಗ ಕೆಳಗಿನಿಂದ ಸೀಸದ ಬೂದು ಹೊಳಪು ಮೂಡುತ್ತದಲ್ಲ, ಬೆಳಗಿದ ಬೆಳ್ಳಿಯ ಬಟ್ಟಲಿಗಿಂತ ಅದು ಕಡಿಮೆಯೇನಲ್ಲ.

ಇನ್ನು ಕಟ್ಟುವುದು. ಮದ್ದೂರು ಪೇಟೆಯ ಯಾವ ಮೆಕ್ಯಾನಿಕ್ಕನ್ನು ಕೇಳಿದರೂ ಸಿಗುವ ಮಾತು ಒಂದೇ: “ಮೊದ್ಲು ಪ್ಲಸ್ಸು ಕಟ್ಟಣ್ಣ, ಮೈನಸ್ಸು ಕೊನೇಗೆ.” ಬಿಚ್ಚುವಾಗ ಇದರ ತಿರುಗುಮುರುಗು. ಗಾಡಿಯ ಕಬ್ಬಿಣದ ಮೈಯೆಲ್ಲ ಮೈನಸ್ಸಿಗೆ ಸೇರಿದ್ದು. ಮೈನಸ್ಸು ಮೊದಲೇ ಕಟ್ಟಿದ್ದರೆ, ಪ್ಲಸ್ಸು ಬಿಗಿಯುವ ಸ್ಪ್ಯಾನರು ಫ್ರೇಮಿಗೆ ತಗುಲಿದ ಕ್ಷಣವೇ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಕೊನೆಗೆ ಕಟ್ಟಿದರೆ ಸ್ಪ್ಯಾನರು ಫ್ರೇಮಿಗೆ ತಾಗಿದರೂ ಏನೂ ಆಗದು. ಕೈ ಜಾರುವುದು ಸಹಜವೆಂದು ಒಪ್ಪಿ, ಜಾರಿದರೂ ಅಪಾಯವಾಗದಂತೆ ಹೆಣೆದ ಕ್ರಮ ಇದು. ಇದನ್ನು ಕಂಡುಕೊಂಡವರ ವಿವೇಕಕ್ಕೆ ನಾನು ಪ್ರತಿ ಸಲವೂ ತಲೆಬಾಗುತ್ತೇನೆ. ನಟ್ಟು ಬಿಗಿಯಾದ ಮೇಲೆ ಮೇಲೊಂದಿಷ್ಟು ವ್ಯಾಸಲೀನು, ಪ್ಲಸ್ಸಿಗೆ ಕೆಂಪು ಟೋಪಿ.

ಈಗ ಕೀ ತಿರುಗಿಸಿ. ಸೆಲ್ಫ್ ಒತ್ತಲು ಅವಸರ ಬೇಡ. ನ್ಯೂಟ್ರಲ್ಲಿನ ಹಸಿರು ದೀಪ ಹತ್ತಿದೆಯಲ್ಲ, ಅದನ್ನು ಕಣ್ತುಂಬ ನೋಡಿ. ಇಂಜಿನ್ನು ಇನ್ನೂ ಸದ್ದು ಮಾಡಿಲ್ಲ, ಗಾಡಿಗೆ ಮಾತ್ರ ಎಚ್ಚರ ಬಂದಿದೆ. ಹಾರನ್ ಒಮ್ಮೆ ಒತ್ತಿದರೆ ಒಳಮನೆಯಿಂದ ಅವ್ವ “ಬಂತೇನ್ಲಾ?” ಅಂತ ಕೇಳುತ್ತಾಳೆ. ಸೆಲ್ಫ್ ಒತ್ತಿದಾಗ ಬರೀ ಕಟಕಟ ಅಂದರೆ ಇನ್ನೂ ಚಾರ್ಜು ಸಾಲದು, ಇಲ್ಲವೇ ಟರ್ಮಿನಲ್ ಸಡಿಲ.

ನಿಂತಲ್ಲೇ ಗುರುಗುಟ್ಟಿಸಿದರೆ ಬ್ಯಾಟರಿ ಅಷ್ಟಾಗಿ ತುಂಬುವುದಿಲ್ಲ, ಗಾಡಿ ಓಡಬೇಕು. ಕುಂಬಳಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿ, ಮದ್ದೂರಿನಿಂದ ಮಳವಳ್ಳಿ ದಾರಿ ಹಿಡಿದು ಶಿವನಸಮುದ್ರದವರೆಗೂ ಹೋಗಿ ಬನ್ನಿ. ಈ ಹಬ್ಬಕ್ಕೆ ಮೆಕ್ಯಾನಿಕ್ಕಿಗೆ ಫೋನು ಮಾಡುವ ಮೊದಲು ಸ್ಪ್ಯಾನರು ನೀವೇ ಹಿಡಿಯಿರಿ. ಮನೆಯ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಪ್ಲಸ್ಸು ಮೊದಲೇಕೆ ಎಂದು ತೋರಿಸಿಕೊಡಿ.