ಗ್ರಾಫೀನ್ ಬೆರೆತ ಎಳೆಗಳು: ಒಂದು ವಿಮರ್ಶೆ

ಪಾಲಿಮರಿನ ದ್ರಾವಣವನ್ನು ವಿದ್ಯುದ್ಬಲದಿಂದ ಸೆಳೆದು ಎಳೆ ನೂಲುವ ಕ್ರಮವು ಹೊಸದೇನಲ್ಲ. ಫಾರ್ಮ್‌ಹಾಲ್ಸ್ ಎಂಬವರು 1934ರಲ್ಲಿಯೇ ಇದಕ್ಕೆ ಅಮೆರಿಕದ ಪೇಟೆಂಟನ್ನು ಪಡೆದಿದ್ದರು. ಒಂದೇ ಪರಮಾಣುವಿನ ದಪ್ಪವುಳ್ಳ ಇಂಗಾಲದ ಹಾಳೆಯಾದ ಗ್ರಾಫೀನಿನ ದಾರ್ಢ್ಯವು ಸುಮಾರು 1,000 ಗಿಗಾಪಾಸ್ಕಲ್ ಎಂದು 2008ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ವಿದ್ವಾಂಸರು ಅಳೆದ ತರುವಾಯ, ಅದನ್ನು ಇಂತಹ ನ್ಯಾನೋ ಎಳೆಗಳಲ್ಲಿ ಬೆರಸಿ ದಾರ್ಢ್ಯವನ್ನು ಹೆಚ್ಚಿಸಿದೆವೆಂದು ಸಾರುವ ಲೇಖನಗಳು ಹೇರಳವಾಗಿ ಬಂದಿವೆ. ಹೆಚ್ಚಿದುದನ್ನು ನಾವು ಅಲ್ಲಗಳೆಯುವುದಿಲ್ಲ. ಅದರ ಕಾರಣದ ವಿಷಯದಲ್ಲಿ ಸಂದೇಹವುಂಟು.

ಕೊಲಂಬಿಯಾದಲ್ಲಿ ಅಳೆದ ಹಾಳೆ ನಿರ್ದುಷ್ಟವಾದುದು. ಲೇಖಕರಲ್ಲಿ ಅನೇಕರು ಬಳಸುವುದಾದರೋ ಗ್ರಾಫೀನ್ ಆಕ್ಸೈಡು. ಅದರ ದಾರ್ಢ್ಯ ಸುಮಾರು 200 ಗಿಗಾಪಾಸ್ಕಲ್. ಆದರೂ ಪೀಠಿಕೆಯಲ್ಲಿ ಮೆರೆಯುವುದು ಆ 1,000ವೇ! ಇದಕ್ಕಿಂತ ಗುರುತರವಾದ ಆಕ್ಷೇಪಣೆ ಬೇರೆಯಿದೆ. ಈ ದ್ರವ್ಯವು ಸೇರಿದಾಗ ದ್ರಾವಣದ ವಿದ್ಯುದ್ವಾಹಕತೆ ಹೆಚ್ಚಬಹುದು. ಹೆಚ್ಚಿದರೆ ಧಾರೆಯು ಮತ್ತಷ್ಟು ಸೆಳೆಯಲ್ಪಟ್ಟು ಎಳೆಯು ತೆಳುವಾಗುವುದುಂಟು. ತೆಳುವಾದ ಎಳೆಯಲ್ಲಿ ಪಾಲಿಮರಿನ ಸರಪಣಿಗಳು ಉದ್ದಕ್ಕೂ ಸಾಲುಗೂಡುವುದರಿಂದ, ಗ್ರಾಫೀನಿನ ನೆರವಿಲ್ಲದೆಯೇ ದಾರ್ಢ್ಯವೇರಬಲ್ಲುದು. ಹೀಗಿರಲು 400 ನ್ಯಾನೋಮೀಟರಿನ ಶುದ್ಧ ಎಳೆಯನ್ನು 200 ನ್ಯಾನೋಮೀಟರಿನ ಮಿಶ್ರ ಎಳೆಯೊಡನೆ ತೂಗಿನೋಡುವುದು ಯಾವ ನ್ಯಾಯ? ಸಮಾನ ವ್ಯಾಸದ ಶುದ್ಧ ಎಳೆಯ ಅಳತೆಯನ್ನು ಕೊಡದ ಲೇಖನದ ನಿರ್ಣಯವನ್ನು ನಾವು ಒಪ್ಪಲಾರೆವು. ಇನ್ನು, ಅಷ್ಟು ಸಣ್ಣ ಎಳೆಯೊಳಗೆ ಮೈಕ್ರಾನ್ ಅಗಲದ ಹಾಳೆಯು ಮಡಿಸಿಕೊಳ್ಳದೆ ಹೇಗೆ ಹಿಡಿಯಿತೆಂಬುದನ್ನೂ ಲೇಖಕರು ಚಿತ್ರಸಹಿತ ತೋರಿಸಬೇಕಷ್ಟೆ.