ಬಾವುಟಕ್ಕೂ ಮೊದಲು ಬಂದ ಪತ್ತೇದಾರ: ಮ. ರಾಮಮೂರ್ತಿ

ಪತ್ತೇದಾರಿ ಕಾದಂಬರಿಯನ್ನು ಕನ್ನಡದ ಸಾಮಾನ್ಯ ಓದುಗರ ಕೈಗೆ ಮುಟ್ಟಿಸಿದ ಮೊದಲ ಸಾಲಿನ ಲೇಖಕರಲ್ಲಿ ಮ. ರಾಮಮೂರ್ತಿ (1918–1967) ಒಬ್ಬರು. ಕನ್ನಡಿಗರು ಎತ್ತಿ ಹಿಡಿಯುವ ಅರಿಶಿನ–ಕುಂಕುಮ ಬಣ್ಣದ ಬಾವುಟವನ್ನು ರೂಪಿಸಿದವರೂ ಅವರೇ. ಬಾವುಟದಿಂದಾಗಿ ಅವರ ಹೆಸರು ಉಳಿದಿದೆ, ಆದರೆ ಅವರೊಳಗಿನ ಕಾದಂಬರಿಕಾರ ಬಹುಮಟ್ಟಿಗೆ ಮರೆತುಹೋಗಿದ್ದಾನೆ. ಈ ಎರಡು ಕೆಲಸಗಳ ಬೇರು ಒಂದೇ. ಕನ್ನಡವು ಜನರ ದಿನನಿತ್ಯದ ಬದುಕಿಗೆ ಬೇಕಾದ ಭಾಷೆಯಾಗಬೇಕು ಎಂಬ ಹಂಬಲ ಮೊದಲು ಕಾದಂಬರಿಯಾಗಿ, ಆಮೇಲೆ ಚಳವಳಿಯಾಗಿ ಹೊರಬಂತು.

ರಾಮಮೂರ್ತಿ 1918ರ ಮಾರ್ಚ್ 11ರಂದು ನಂಜನಗೂಡಿನಲ್ಲಿ ಹುಟ್ಟಿದರು. ತಂದೆ ಸೀತಾರಾಮ ಶಾಸ್ತ್ರಿಗಳು ಪತ್ರಕರ್ತರು. ಅವರು ನಡೆಸುತ್ತಿದ್ದ ‘ವೀರಕೇಸರಿ’ ಪತ್ರಿಕೆಯ ಹೆಸರೇ ಅವರ ಬಿರುದಾಗಿ ನಿಂತಿತು. ಅಚ್ಚಿನ ಮನೆಯ ಮಸಿ, ಕರಡು ಪ್ರತಿ, ಗಡುವಿನ ಒತ್ತಡ ಇವೆಲ್ಲ ಮಗನಿಗೆ ಮನೆಯಿಂದಲೇ ಬಂದ ಆಸ್ತಿ. ರಾಮಮೂರ್ತಿಯವರೂ ಪತ್ರಿಕೋದ್ಯಮಕ್ಕೆ ಇಳಿದರು. ಮುಂದೆ ಅವರು ನಡೆಸಿದ ‘ಕನ್ನಡ ಯುವಜನ’ ಪತ್ರಿಕೆ ಚಳವಳಿಯ ದನಿಯಾಯಿತು.

ಕಾದಂಬರಿಕಾರರಾಗಿ ಅವರು ಆರಿಸಿಕೊಂಡ ಪತ್ತೇದಾರಿ ಪ್ರಕಾರ ಆಗ ಕನ್ನಡಕ್ಕೆ ತೀರ ಹೊಸದಾಗಿರಲಿಲ್ಲ. ಅಮೆರಿಕದ ಎಡ್ಗರ್ ಅಲನ್ ಪೋ 1841ರಲ್ಲಿ ಪತ್ತೇದಾರಿ ಕಥೆಯ ಅಚ್ಚು ಕಟ್ಟಿದ. ಆರ್ಥರ್ ಕಾನನ್ ಡಾಯ್ಲ್ 1887ರಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಲೋಕಕ್ಕೆ ಪರಿಚಯಿಸಿದ. ಮೈಸೂರಿನ ತಾತಯ್ಯ, ಅಂದರೆ ಎಂ. ವೆಂಕಟಕೃಷ್ಣಯ್ಯನವರು, ‘ಚೋರಗ್ರಹಣ ತಂತ್ರ’ ಬರೆದಿದ್ದರು. ಬಿ. ವೆಂಕಟಾಚಾರ್ಯರು ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು ಕುತೂಹಲದಿಂದ ಪುಟ ತಿರುಗಿಸುವ ಓದುಗರನ್ನು ಸಿದ್ಧಪಡಿಸಿದ್ದರು. ಇವರ ನಂತರ ಬಂದ ಪೀಳಿಗೆ ಪತ್ತೇದಾರಿಯನ್ನೇ ಪೂರ್ಣಾವಧಿಯ ಕಸುಬಾಗಿಸಿಕೊಂಡಿತು. ರಾಮಮೂರ್ತಿಯವರ ಕಾದಂಬರಿಗಳ ಸಂಖ್ಯೆ ನೂರನ್ನು ದಾಟಿತು. ಅವರ ಸಮಕಾಲೀನರಾದ ಎನ್. ನರಸಿಂಹಯ್ಯನವರು ಓದಿದ್ದು ನಾಲ್ಕನೆಯ ತರಗತಿಯವರೆಗೆ ಮಾತ್ರ. ಆದರೂ 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ದಿಂದ ಆರಂಭಿಸಿ ಐನೂರಕ್ಕೂ ಹೆಚ್ಚು ಕೃತಿಗಳನ್ನು ಬರೆದರು.

ಈ ಪುಸ್ತಕಗಳು ಗಾತ್ರದಲ್ಲಿ ಚಿಕ್ಕವು, ಬೆಲೆಯಲ್ಲಿ ಅಗ್ಗ. ಬಸ್ ನಿಲ್ದಾಣದ ಅಂಗಡಿಗಳಲ್ಲಿ, ದಿನದ ಬಾಡಿಗೆಗೆ ಪುಸ್ತಕ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಅವು ಕೈಯಿಂದ ಕೈಗೆ ಸಾಗಿದವು. ಮೊದಲ ಪುಟಗಳಲ್ಲೇ ಒಂದು ಕೊಲೆ ಅಥವಾ ಕಳವು, ಪ್ರತಿ ಅಧ್ಯಾಯದ ಕೊನೆಗೆ ಬಿಡಿಸದ ಒಂದು ಗಂಟು, ಸುತ್ತುಬಳಸಿಲ್ಲದ ಆಡುಮಾತಿನ ವಾಕ್ಯ: ಇದು ಆ ಕಾಲದ ಪತ್ತೇದಾರಿಯ ಕಟ್ಟಡ. ವಿಮರ್ಶಕರು ಅದರತ್ತ ಕಣ್ಣೆತ್ತಿ ನೋಡಿದ್ದು ಕಡಿಮೆ. ಆದರೆ ಶಾಲೆ ಬಿಟ್ಟವರಿಗೆ, ಮಿಲ್ಲು ಮತ್ತು ಕಾರ್ಖಾನೆಯ ಕಾರ್ಮಿಕರಿಗೆ, ಹೊರಗೆ ಓಡಾಡುವ ಅವಕಾಶವಿಲ್ಲದ ಹೆಣ್ಣುಮಕ್ಕಳಿಗೆ ಓದುವ ಚಟ ಹಿಡಿಸಿದ್ದು ಈ ಪುಸ್ತಕಗಳೇ. ಅನಕೃ, ತರಾಸು ಅವರ ಕಾದಂಬರಿಗಳಿಗೆ ಸಿಕ್ಕ ದೊಡ್ಡ ಓದುಗ ಬಳಗದಲ್ಲಿ ಪತ್ತೇದಾರಿಯ ಹಾದಿಯಿಂದ ಬಂದವರೂ ಇದ್ದರು.

ಜನಪ್ರಿಯ ಲೇಖಕ ತನ್ನ ಹೆಸರಿನ ಬಲವನ್ನು ಸಾರ್ವಜನಿಕ ಕೆಲಸಕ್ಕೆ ಒಡ್ಡಿದ ಉದಾಹರಣೆ ಅಮೆರಿಕದಲ್ಲೂ ಇದೆ. ಪೆರಿ ಮೇಸನ್ ಎಂಬ ವಕೀಲನನ್ನು 1933ರಲ್ಲಿ ಸೃಷ್ಟಿಸಿದ ಅರ್ಲ್ ಸ್ಟ್ಯಾನ್ಲಿ ಗಾರ್ಡ್‌ನರ್ (1889–1970) ಸ್ವತಃ ವಕೀಲರು. ನಿರಪರಾಧಿಗಳಾಗಿಯೂ ಶಿಕ್ಷೆಗೊಳಗಾದವರ ಮೊಕದ್ದಮೆಗಳನ್ನು ಮರುಪರಿಶೀಲಿಸಲು ಅವರು 1948ರಲ್ಲಿ ‘ಕೋರ್ಟ್ ಆಫ್ ಲಾಸ್ಟ್ ರೆಸಾರ್ಟ್’ ಎಂಬ ವೇದಿಕೆಯನ್ನು ಕಟ್ಟಿದರು. ಗಾರ್ಡ್‌ನರ್ ನ್ಯಾಯಕ್ಕಾಗಿ ಮಾಡಿದ ಕೆಲಸವನ್ನು ರಾಮಮೂರ್ತಿ ಭಾಷೆಗಾಗಿ ಮಾಡಿದರು.

1956ರಲ್ಲಿ ರಾಜ್ಯ ಒಂದಾದರೂ ಬೆಂಗಳೂರಿನ ಚಿತ್ರಮಂದಿರ, ಸಂಗೀತ ವೇದಿಕೆ, ಅಂಗಡಿ ಬೀದಿಗಳಲ್ಲಿ ಕನ್ನಡ ಹಿಂದೆ ಬಿದ್ದಿತ್ತು. 1960ರ ದಶಕದ ಆರಂಭದಲ್ಲಿ ಅನಕೃ ಮುಂದಾಳತ್ವದ ಹೋರಾಟ ಬೀದಿಗಿಳಿದಾಗ ರಾಮಮೂರ್ತಿ ಅದರ ಮುಂಚೂಣಿಯಲ್ಲಿದ್ದರು. ‘ಕನ್ನಡ ಪಕ್ಷ’ವನ್ನು ಕಟ್ಟಿದರು. ಅದಕ್ಕಾಗಿ ಅವರು ರೂಪಿಸಿದ ಹಳದಿ–ಕೆಂಪು ಬಾವುಟ ಕ್ರಮೇಣ ಪಕ್ಷದ ಗಡಿ ದಾಟಿ ಇಡೀ ನಾಡಿನದಾಯಿತು.

ಅದೇ ವರ್ಷಗಳಲ್ಲಿ ಕಾಸರಗೋಡಿನ ಕನ್ನಡಿಗರು ತಮ್ಮ ಹೋರಾಟದಲ್ಲಿದ್ದರು. ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಕಯ್ಯಾರ ಕಿಞ್ಞಣ್ಣ ರೈಯವರಂತಹ ಕವಿಗಳು ಅದನ್ನು ಕನ್ನಡ ನಾಡಿನೊಂದಿಗೆ ವಿಲೀನಗೊಳಿಸಬೇಕೆಂಬ ಬೇಡಿಕೆಗೆ ದನಿಯಾದರು. ಗಡಿ ವಿವಾದವನ್ನು ಪರಿಶೀಲಿಸಲು ನೇಮಕವಾಗಿದ್ದ ಮಹಾಜನ ಆಯೋಗವು 1967ರ ಆಗಸ್ಟ್‌ನಲ್ಲಿ ಚಂದ್ರಗಿರಿ ನದಿಯ ಉತ್ತರ ಭಾಗವನ್ನು ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಶಿಫಾರಸು ಜಾರಿಗೆ ಬರಲಿಲ್ಲ. ಕವಿತೆಯನ್ನು ಆಯುಧವಾಗಿಸಿಕೊಂಡ ಗಡಿನಾಡಿಗೂ ಪತ್ತೇದಾರಿ ಕಾದಂಬರಿಯಿಂದ ಚಳವಳಿಗೆ ಬಂದ ಬೆಂಗಳೂರಿನ ಲೇಖಕನಿಗೂ ಇದ್ದ ಕಾಳಜಿ ಒಂದೇ.

1967ರ ಡಿಸೆಂಬರ್ 25ರಂದು, ಬೆಂಗಳೂರಿನ ಹೊರವಲಯದ ತಮ್ಮ ಜಮೀನಿನಲ್ಲಿ ಬಾವಿ ತೋಡಿಸುತ್ತಿದ್ದಾಗ ಮಣ್ಣು ಕುಸಿದು ರಾಮಮೂರ್ತಿ ಮೃತಪಟ್ಟರು. ಅವರ ಇಬ್ಬರು ಗಂಡುಮಕ್ಕಳೂ ಅದೇ ದುರಂತದಲ್ಲಿ ತೀರಿಕೊಂಡರು. ಆಗ ರಾಮಮೂರ್ತಿಯವರಿಗೆ ನಲವತ್ತೊಂಬತ್ತು ವರ್ಷ. ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದದ್ದು ಮತ್ತೆ ಸುಮಾರು ಆರು ವರ್ಷಗಳ ಮೇಲೆ, 1973ರ ನವೆಂಬರ್ 1ರಂದು.

ಬೆಂಗಳೂರಿನ ರಾಮಮೂರ್ತಿನಗರ ಅವರ ಹೆಸರನ್ನು ಹೊತ್ತಿದೆ. ಅವರ ಕಾದಂಬರಿಗಳು ಮಾತ್ರ ಇಂದು ಕಾಣಸಿಗುವುದು ಅಪರೂಪ. ಅಗ್ಗದ ಕಾಗದದ ಮೇಲೆ ಅಚ್ಚಾದ ಪುಸ್ತಕಗಳಿಗೆ ಆಯುಸ್ಸು ಕಡಿಮೆ, ಬಾಡಿಗೆ ಲೈಬ್ರರಿಗಳು ಮುಚ್ಚಿದಾಗ ಬಹಳಷ್ಟು ರದ್ದಿಗೆ ಹೋದವು. ಹಳ್ಳಿಹಳ್ಳಿಯಲ್ಲಿ ವಾಚನಾಲಯದ ಪರಂಪರೆಯಿರುವ ಕಾಸರಗೋಡಿನಂತಹ ಕಡೆ, ಹಳೆಯ ಕಪಾಟುಗಳಲ್ಲಿ ಉಳಿದಿರಬಹುದಾದ ಪ್ರತಿಗಳನ್ನು ಹುಡುಕಿ, ಪಟ್ಟಿಮಾಡಿ, ಡಿಜಿಟಲ್ ರೂಪದಲ್ಲಿ ಕಾಪಾಡುವ ಕೆಲಸ ಆಗಬೇಕು. ಕನ್ನಡದ ಓದುಗ ಬಳಗ ಬೆಳೆದ ಬಗೆಯನ್ನು ಬರೆಯುವವರಿಗೆ ಈ ಪುಸ್ತಕಗಳು ಅತ್ಯಗತ್ಯವಾದ ಆಕರ.