ಲವಂಗದ ಎಣ್ಣೆ: ಮೂಗಿಗೆ ಬಿಟ್ಟ ಪ್ರಯೋಗ

ಲವಂಗದ ಎಣ್ಣೆ ತೆಗೆಯುವ ಪ್ರಾಕ್ಟಿಕಲ್ ದಿನ ಬಿಎಸ್ಸಿ ಹುಡುಗರೆಲ್ಲ ಇಳುವರಿಯ ಲೆಕ್ಕದಲ್ಲೇ ಮುಳುಗಿರುತ್ತಾರೆ. ರೆಕಾರ್ಡಿಗೆ ಅದು ಬೇಕು, ನಿಜ. ಆದರೆ ಈ ಪ್ರಯೋಗದ ಸವಿ ತಕ್ಕಡಿಯಲ್ಲಿಲ್ಲ, ಪರಿಮಳದಲ್ಲಿದೆ.

ಮೊದಲು ನಾಲ್ಕು ಲವಂಗವನ್ನು ನೀರಿಗೆ ಹಾಕಿ ನೋಡಿ. ಮುಳುಗಿದರೆ, ಇಲ್ಲವೇ ನೆಟ್ಟಗೆ ನಿಂತರೆ ಮಾಲು ಒಳ್ಳೆಯದು. ಅಡ್ಡಡ್ಡ ತೇಲಿದರೆ ಯಾರೋ ಆಗಲೇ ಎಣ್ಣೆ ತೆಗೆದು ಮಾರಿದ್ದಾರೆಂದು ಅನುಮಾನಿಸಬಹುದು.

ಜಜ್ಜಿದ ಲವಂಗವನ್ನು ನೀರಿನ ಜೊತೆ ಬಟ್ಟಿ ಇಳಿಸುವಾಗ ಥರ್ಮಾಮೀಟರ್ ಮೇಲೆ ಕಣ್ಣಿಡಿ. ಎಣ್ಣೆಯ ಬಹುಪಾಲು ಯೂಜಿನಾಲ್. ಅದರ ಕುದಿಬಿಂದು 254 ಡಿಗ್ರಿ. ಆದರೂ ಪಾದರಸ 100 ದಾಟುವ ಮೊದಲೇ ಅದು ಆವಿಯ ಜೊತೆ ಹೊರಟುಬಿಡುತ್ತದೆ. ಬೆರೆಯದ ಎರಡು ದ್ರವಗಳ ಆವಿಯ ಒತ್ತಡ ಕೂಡಿ ಹೊರಗಿನ ಗಾಳಿಯ ಒತ್ತಡಕ್ಕೆ ಸಮವಾದರೆ ಸಾಕು, ಕುದಿತ ಶುರು. ಕಂಡೆನ್ಸರಿನಿಂದ ಬೀಳುವ ಹನಿ ಹಾಲಿನಂತೆ ಬೆಳ್ಳಗಿರುವವರೆಗೆ ಎಣ್ಣೆ ಬರುತ್ತಿದೆ ಎಂದರ್ಥ. ಹನಿ ತಿಳಿಯಾದಾಗ ಉರಿ ಆರಿಸಿ.

ಈಗ ಎಣ್ಣೆಯನ್ನು ಡೈಕ್ಲೋರೋಮೀಥೇನ್‌ಗೆ ಎಳೆದುಕೊಂಡು, ತಣ್ಣಗಿನ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಸೇರಿಸಿ ಸೆಪರೇಟಿಂಗ್ ಫನಲ್‌ನಲ್ಲಿ ಕುಲುಕಬೇಕು. ಫನಲನ್ನು ಬೋರಲು ಮಾಡಿ ಆಗಾಗ ತಿರುಪು ತೆರೆದಾಗ ಒಳಗಿನ ಒತ್ತಡ ‘ಪುಸ್’ ಎಂದು ಹೊರಹೋಗುತ್ತದೆ. ಆತುರದವರು ಇಲ್ಲಿ ಬಿರಡೆ ಹಾರಿಸಿಕೊಳ್ಳುತ್ತಾರೆ. ಸ್ಟ್ಯಾಂಡಿನಲ್ಲಿಟ್ಟರೆ ಪದರ ಎರಡಾಗುತ್ತದೆ. ಯೂಜಿನಾಲ್ ಒಂದು ಫೀನಾಲ್ ಆದ್ದರಿಂದ ಕ್ಷಾರದೊಡನೆ ಲವಣವಾಗಿ ಮೇಲಿನ ನೀರಿಗೆ ಹೋಗುತ್ತದೆ. ಎಣ್ಣೆಯ ಉಳಿದ ಅಂಶಗಳಾದ ಕ್ಯಾರಿಯೋಫಿಲೀನ್, ಯೂಜಿನೈಲ್ ಅಸಿಟೇಟ್ ಕೆಳಗೇ ಉಳಿಯುತ್ತವೆ.

ಕೆಳಗಿನ ಪದರದ ಒಂದು ಹನಿಯನ್ನು ಫಿಲ್ಟರ್ ಪೇಪರಿನ ಪಟ್ಟಿಗೆ ಹಾಕಿ, ಫ್ಯೂಮ್ ಹುಡ್‌ನಲ್ಲಿ ದ್ರಾವಕ ಪೂರ್ತಿ ಆರಲು ಬಿಡಿ. ಆಮೇಲೆ ಅಂಗೈಯಿಂದ ಗಾಳಿ ಬೀಸಿಕೊಂಡು ಮೂಸಿ; ಪಟ್ಟಿಗೆ ಮೂಗು ತಾಗಿಸಬೇಡಿ. ಲವಂಗದ ಖಾರ ತಗ್ಗಿ, ಒಣಮರದ, ಕರಿಮೆಣಸಿನ ವಾಸನೆ ಮುಂದೆ ಬರುತ್ತದೆ. ಕ್ಯಾರಿಯೋಫಿಲೀನ್ ಮೆಣಸಿನಲ್ಲೂ ಇದೆ. ಇನ್ನು ಮೇಲಿನ ಕ್ಷಾರದ ನೀರನ್ನು ಬೇರೆ ಮಾಡಿ, ಐಸ್‌ನಲ್ಲಿಟ್ಟು, ಲಿಟ್ಮಸ್ ಕೆಂಪಾಗುವವರೆಗೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಬಿಡಿ. ತಿಳಿನೀರು ಇದ್ದಕ್ಕಿದ್ದಂತೆ ಬೆಳ್ಳಗಾಗುತ್ತದೆ. ಲವಣವಾಗಿ ಅಡಗಿದ್ದ ಯೂಜಿನಾಲ್ ಎಣ್ಣೆಯಾಗಿ ಮರಳಿ, ಹಲ್ಲಿನ ಡಾಕ್ಟರರ ಕ್ಲಿನಿಕ್ ನೆನಪಿಸುವ ಘಾಟು ಏಳುತ್ತದೆ. ಇಡೀ ಪ್ರಯೋಗದಲ್ಲಿ ನನಗೆ ಅತಿ ಪ್ರಿಯವಾದ ಗಳಿಗೆ ಇದು. ಬಹಳ ಜನ ಇದನ್ನು ವೀಕ್ಷಣೆಯ ಕಾಲಮ್ಮಿನಲ್ಲಿ ಒಂದು ಸಾಲು ಬರೆದು ಮುಗಿಸುತ್ತಾರೆ.

ಈ ಎಣ್ಣೆಯನ್ನು ಟಿಎಲ್‌ಸಿ (ತೆಳುಪದರ ಕ್ರೊಮ್ಯಾಟೋಗ್ರಫಿ) ಪ್ಲೇಟಿನಲ್ಲಿ ನೋಡುವಾಗ ಒಂದು ಮೋಸವಿದೆ. 254 ನ್ಯಾನೋಮೀಟರ್ ಯುವಿ ದೀಪದಡಿ ಯೂಜಿನಾಲ್ ಕಪ್ಪು ಚುಕ್ಕೆಯಾಗಿ ಕಾಣುತ್ತದೆ, ಬೆಂಜೀನ್ ಉಂಗುರವಿಲ್ಲದ ಕ್ಯಾರಿಯೋಫಿಲೀನ್ ಕಾಣುವುದೇ ಇಲ್ಲ. ಪ್ಲೇಟನ್ನು ಅಯೋಡಿನ್ ಜಾಡಿಯಲ್ಲಿಟ್ಟರೆ ಅದೂ ಕಂದು ಬಣ್ಣ ತಳೆದು ಹೊರಬರುತ್ತದೆ.

ರುಚಿ ಹತ್ತಿದವರು ಮುಂದಿನ ಸಲ ಸಬ್ಬಸಿಗೆ ಬೀಜ ತನ್ನಿ. ಅದರ ಕಾರ್ವೋನ್ ಮತ್ತು ಸ್ಪಿಯರ್‌ಮಿಂಟ್ ಪುದೀನದ ಕಾರ್ವೋನ್ ಒಂದಕ್ಕೊಂದು ಕನ್ನಡಿಬಿಂಬ, ಕುದಿಬಿಂದು ಒಂದೇ. ಬಟ್ಟಿಯಲ್ಲಾಗಲಿ ಸಾಮಾನ್ಯ ಪ್ಲೇಟಿನಲ್ಲಾಗಲಿ ಅವುಗಳ ವ್ಯತ್ಯಾಸ ಸಿಗದು, ಮೂಗಿಗೆ ತಕ್ಷಣ ಸಿಗುತ್ತದೆ.